ಕೂಸಿನ ಸೊಂಟಕ್ಕೆ ಸ್ಕ್ಯಾನ್ ಯಾವಾಗ, ಎಕ್ಸ್-ರೇ ಯಾವಾಗ: ನನ್ನ ಅನುಭವ

ಮಕ್ಕಳ ಮೂಳೆ-ಕೀಲಿನ ಚೀಟಿ ಕೈಗೆ ಬಂದರೆ ನಾನು ಮೊದಲು ನೋಡುವುದು ವಯಸ್ಸು. ಹೆಸರು, ದೂರು ಎಲ್ಲ ಆಮೇಲೆ. ಚಿಕ್ಕ ಕೂಸಿಗೆ ತಿಂಗಳ ಲೆಕ್ಕ ಬರೆದಿಲ್ಲ ಅಂದರೆ ಕೌಂಟರಿನವರನ್ನೇ ಕರೆದು ಕೇಳುತ್ತೇನೆ. 'ಒಂದು ವರ್ಷದೊಳಗೆ' ಅಂತ ಬರೆದರೆ ನನಗೆ ಉಪಯೋಗವಿಲ್ಲ. ಎರಡು ತಿಂಗಳ ಕೂಸಿಗೆ ಮಾಡುವ ಪರೀಕ್ಷೆ ಬೇರೆ, ಎಂಟು ತಿಂಗಳ ಕೂಸಿಗೆ ಬೇರೆ.

ನಾನು ಕರಾವಳಿಯ ಒಂದು ಊರಿನಲ್ಲಿ ರೇಡಿಯಾಲಜಿಸ್ಟ್. ಎಲ್ಲ ವಯಸ್ಸಿನವರನ್ನೂ ನೋಡುತ್ತೇನೆ. ಆದರೆ ವರ್ಷಗಳು ಕಳೆದ ಹಾಗೆ ಮಕ್ಕಳ ಸೊಂಟದ ಕೀಲು ನೋಡುವುದು ನನ್ನ ಮುಖ್ಯ ಕೆಲಸವೇ ಆಗಿಹೋಗಿದೆ. ಹೇಗೆ ಮಾಡುತ್ತೇನೆ ಅಂತ ಹೊಸಬರು ಆಗಾಗ ಕೇಳುತ್ತಾರೆ. ಮನೆಯವರಿಗೂ ತಿಳಿಯಲಿ ಅಂತ ಇಲ್ಲಿ ಬರೆದಿದ್ದೇನೆ.

ಹುಟ್ಟಿದ ಕೂಸಿನ ತೊಡೆಮೂಳೆಯ ತಲೆ ಇನ್ನೂ ಮೂಳೆ ಆಗಿರುವುದಿಲ್ಲ. ಅದು ಪೂರ್ತಿ ಕಾರ್ಟಿಲೇಜ್. ನಮ್ಮ ಕಿವಿಯ ಮೇಲ್ಭಾಗ ಮಡಚಿದರೆ ಬೆರಳಿಗೆ ಸಿಗುತ್ತದಲ್ಲ, ಹೆಚ್ಚುಕಮ್ಮಿ ಅದೇ ಜಾತಿ. ಎಕ್ಸ್-ರೇಗೆ ಅದು ಕಾಣುವುದಿಲ್ಲ. ತಲೆಯ ನಡುವೆ ಮೂಳೆಯ ಸಣ್ಣ ಚುಕ್ಕೆ ಮೂಡುವುದು ಸುಮಾರು 4ರಿಂದ 6 ತಿಂಗಳಿಗೆ. ಹಾಗಾಗಿ ಇಪ್ಪತ್ತು ದಿನದ ಕೂಸಿಗೆ 'ಎರಡೂ ಸೊಂಟದ ಎಕ್ಸ್-ರೇ' ಅಂತ ಚೀಟಿ ಬಂದರೆ ನಾನು ಫಿಲಂ ತೆಗೆಸುವುದಿಲ್ಲ. ಬರೆದ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಕೀಲು ಜಾರಿದೆಯಾ, ಅಂದರೆ ತೊಡೆಮೂಳೆಯ ತಲೆ ತಾನು ಕೂರುವ ಸೊಂಟದ ಬಟ್ಟಲಿನಿಂದ ಹೊರಗೆ ಸರಿದಿದೆಯಾ ಅಂತ ಅನುಮಾನ ಇದ್ದರೆ ಆ ವಯಸ್ಸಿಗೆ ಅಲ್ಟ್ರಾಸೌಂಡೇ ಸರಿ. ಕಾರ್ಟಿಲೇಜ್ ಚೆನ್ನಾಗಿ ಕಾಣುತ್ತದೆ, ರೇಡಿಯೇಷನ್ ಇಲ್ಲ, ಕಾಲು ಅಲ್ಲಾಡಿಸಿಯೂ ನೋಡಬಹುದು.

ಎಲ್ಲ ಕೂಸುಗಳಿಗೂ ಬೇಕಾ? ನಮ್ಮಲ್ಲಿ ಹಾಗೆ ಮಾಡುವುದಿಲ್ಲ. ಹೊಟ್ಟೆಯಲ್ಲಿ ತಲೆ ಮೇಲಾಗಿ ಕುಳಿತ ಕೂಸು, ಅಪ್ಪ-ಅಮ್ಮ ಅಥವಾ ಅಕ್ಕ-ಅಣ್ಣನಿಗೆ ಈ ತೊಂದರೆ ಇದ್ದ ಕೂಸು, ಮಕ್ಕಳ ಡಾಕ್ಟರ ಕೈಗೆ ಕೀಲು ಸಡಿಲ ಅನಿಸಿದ ಕೂಸು, ಇವರಿಗೆ ಮಾಡುತ್ತೇವೆ. ಹೆಣ್ಣು ಕೂಸುಗಳಲ್ಲಿ ಜಾಸ್ತಿ, ಎಡ ಸೊಂಟದಲ್ಲಿ ಜಾಸ್ತಿ, ಚೊಚ್ಚಲ ಕೂಸಿನಲ್ಲೂ ಸ್ವಲ್ಪ ಜಾಸ್ತಿ. ಸಿಸೇರಿಯನ್ ಆಗಿದೆ ಅಂದರೆ ಸಾಲದು, ಯಾಕೆ ಮಾಡಿದರು ಅಂತ ಕೇಳಬೇಕು. 'ಮಗು ಉಲ್ಟಾ ಇತ್ತು' ಅನ್ನುವ ಮಾತು ಎಷ್ಟೋ ಸಲ ಅಲ್ಲೇ ಹೊರಬರುತ್ತದೆ.

ಸಮಯ ಆರು ವಾರ. ಹುಟ್ಟಿದ ವಾರವೇ ನೋಡಿದರೆ ಬಹಳ ಕೀಲುಗಳು ಸಡಿಲವಾಗಿ ಕಾಣುತ್ತವೆ. ಅದರಲ್ಲಿ ಹೆಚ್ಚಿನವು ತಾವಾಗಿಯೇ ಬಿಗಿಯಾಗುತ್ತವೆ. ಸುಮ್ನೆ ಮನೆಯವರನ್ನು ಹೆದರಿಸಿದ ಹಾಗಾಗುತ್ತದೆ. ಪೂರ್ತಿ ಜಾರಿದ ಕೀಲು ಡಾಕ್ಟರ ಕೈಗೆ ಸಿಕ್ಕಿದರೆ ಮಾತ್ರ ಕಾಯುವುದಿಲ್ಲ. ಆರು ವಾರಕ್ಕೆ ಹೇಗೂ ಒಂದೂವರೆ ತಿಂಗಳ ಲಸಿಕೆಗೆ ಬರುತ್ತಾರೆ, ಅದೇ ದಿನ ಸ್ಕ್ಯಾನ್ ಇಡುತ್ತೇನೆ. ಆದರೆ ಒಂದು ಷರತ್ತು: ಮೊದಲು ನನ್ನ ಹತ್ತಿರ, ಆಮೇಲೆ ಇಂಜೆಕ್ಷನ್. ಚುಚ್ಚುವುದು ತೊಡೆಗೇ. ಅದಾದ ಮೇಲೆ ಆ ಕಾಲು ಮುಟ್ಟಲು ಯಾವ ಕೂಸು ಬಿಡುತ್ತದೆ ಹೇಳಿ.

ಸ್ಕ್ಯಾನಿನ ಅರ್ಧ ಕೆಲಸ ಕೋಣೆ ತಯಾರಿ ಮಾಡುವುದು. ಎಸಿ ಆಫ್. ಜೆಲ್ ಬಾಟಲಿ ಬಿಸಿನೀರಿನ ಪಾತ್ರೆಯಲ್ಲಿ. ಕೂಸು ಹಾಲು ಕುಡಿದು, ತೇಗು ಬಂದು, ಅರೆನಿದ್ರೆಯಲ್ಲಿ ಇರಬೇಕು. ಎರಡು ಟವೆಲ್ ಸುರುಳಿ ಸುತ್ತಿ ನಡುವೆ ಕೂಸನ್ನು ಮಗ್ಗುಲಾಗಿ ಮಲಗಿಸುತ್ತೇನೆ. ಅಮ್ಮ ತಲೆಯ ಹತ್ತಿರ ನಿಂತು ಭುಜ ಹಿಡಿದುಕೊಳ್ಳುತ್ತಾರೆ. ಡೈಪರ್ ಪೂರ್ತಿ ಬಿಚ್ಚುವುದಿಲ್ಲ, ನೋಡುವ ಬದಿ ಮಾತ್ರ. ಈ ಬುದ್ಧಿ ಎಲ್ಲರಿಗೂ ಒಂದು ಸಲ ಶರ್ಟ್ ಒದ್ದೆಯಾದ ಮೇಲೆ ಬರುತ್ತದೆ.

ನಾವು ಅನುಸರಿಸುವ ಕ್ರಮ ಆಸ್ಟ್ರಿಯಾದ ಮೂಳೆ ವೈದ್ಯ ರೈನ್‌ಹಾರ್ಡ್ ಗ್ರಾಫ್ ಅವರದು. 1980ರಲ್ಲಿ ಅವರು ಇದನ್ನು ಮೊದಲು ಪ್ರಕಟಿಸಿದರು. ಮೈಮೇಲೆ ಇಟ್ಟು ನೋಡುವ ಉದ್ದನೆಯ ಲೀನಿಯರ್ ಪ್ರೋಬನ್ನು ಸೊಂಟದ ಹೊರಬದಿಗೆ ನೇರ ಇಡಬೇಕು. ಮೂರು ಗುರುತು ಒಂದೇ ಚಿತ್ರದಲ್ಲಿ ಬರಬೇಕು: ಸೊಂಟದ ಎಲುಬಿನ ಹೊರಗೆರೆ ನೆಟ್ಟಗೆ ಇರಬೇಕು, ಬಟ್ಟಲಿನ ಆಳದಲ್ಲಿ ಆ ಎಲುಬಿನ ಕೆಳತುದಿ ಕಾಣಬೇಕು, ಬಟ್ಟಲಿನ ಅಂಚಿನ ಮೆತ್ತನೆಯ ಸುತ್ತುಪಟ್ಟಿ, ಅಂದರೆ ಲೇಬ್ರಮ್, ಕಾಣಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ನಾನು ಕೋನ ಅಳೆಯುವುದಿಲ್ಲ. ಪ್ರೋಬ್ ಸ್ವಲ್ಪ ವಾಲಿದರೂ ಒಳ್ಳೆಯ ಕೀಲು ಕೆಟ್ಟದಾಗಿ ಕಾಣುತ್ತದೆ. ಹೊಸಬರು ಇಲ್ಲಿ ಅವಸರ ಮಾಡುತ್ತಾರೆ. ಕೂಸು ಅಳುತ್ತಿದೆ, ಹೊರಗೆ ಜನ ಕಾಯುತ್ತಿದ್ದಾರೆ, ಸಿಕ್ಕ ಚಿತ್ರಕ್ಕೆ ಗೆರೆ ಎಳೆದುಬಿಡುತ್ತಾರೆ. ಹಾಗೆ ಎಳೆದ ಗೆರೆಗಿಂತ 'ಇನ್ನೊಂದು ದಿನ ಬನ್ನಿ' ಅನ್ನುವುದು ಎಷ್ಟೋ ಮೇಲು. ಪ್ರತಿ ಬದಿಗೆ ಎರಡು ಬೇರೆ ಬೇರೆ ಚಿತ್ರ ಹಿಡಿದು ಎರಡರಲ್ಲೂ ಅಳೆಯುತ್ತೇನೆ.

ಮುಖ್ಯ ಅಳತೆ ಆಲ್ಫಾ ಕೋನ. ಮೂಳೆಯ ಬಟ್ಟಲು ಎಷ್ಟು ಆಳ ಇದೆ ಅನ್ನುವುದಕ್ಕೆ ಅದೇ ಲೆಕ್ಕ. 60 ಡಿಗ್ರಿ ಅಥವಾ ಮೇಲೆ ಇದ್ದರೆ ಕೀಲು ಸರಿ ಇದೆ. 50ರಿಂದ 59ರ ನಡುವೆ ಇದ್ದು ಕೂಸಿಗೆ ಮೂರು ತಿಂಗಳು ತುಂಬಿಲ್ಲವಾದರೆ ಅದು ಸಾಮಾನ್ಯವಾಗಿ ಇನ್ನೂ ಬಲಿಯಬೇಕಾದ ಕೀಲು. ಕೆಲವು ವಾರ ಬಿಟ್ಟು ಮತ್ತೆ ನೋಡುತ್ತೇನೆ, ಹೆಚ್ಚಿನವು ಸರಿಹೋಗಿರುತ್ತವೆ. ಅದೇ ಕೋನ ಮೂರು ತಿಂಗಳು ದಾಟಿದ ಕೂಸಿನಲ್ಲಿ ಬಂದರೆ ಅರ್ಥ ಬೇರೆ, ಆಗ ಮೂಳೆ ಡಾಕ್ಟರಿಗೆ ಕಳಿಸುತ್ತೇನೆ. 50ಕ್ಕಿಂತ ಕೆಳಗೆ ಬಂದರೆ ವಯಸ್ಸು ನೋಡಿಕೊಂಡು ಕೂರುವುದಿಲ್ಲ. 43ಕ್ಕಿಂತ ಕೆಳಗಿನದು ಗಂಭೀರ. ಕೊನೆಗೆ ಮಂಡಿ ಮಡಚಿ ತೊಡೆಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ, ತಲೆ ಬಟ್ಟಲು ಬಿಟ್ಟು ಸರಿಯುತ್ತದಾ ಅಂತಲೂ ನೋಡುತ್ತೇನೆ.

ಕೂಸಿನ ಜೊತೆ ಅಜ್ಜಿ ಬಂದೇ ಬಂದಿರುತ್ತಾರೆ. "ಡಾಕ್ಟ್ರೇ, ಕಾಲು ಸರಿ ಉಂಟಲ್ವಾ? ನಾನು ದಿನಾ ಎಣ್ಣೆ ಹಚ್ಚಿ ಕಾಲು ನೀಟ ಎಳೆದೇ ಸ್ನಾನ ಮಾಡಿಸುವುದು." ಎಣ್ಣೆ ಬಗ್ಗೆ ನನ್ನ ತಕರಾರು ಇಲ್ಲ. ಆದರೆ ಆ ಎಳೆಯುವುದು ಬೇಡ. "ಅಜ್ಜಿ, ಕಾಲು ಮಡಚಿಯೇ ಇರಲಿ, ಕಪ್ಪೆ ಕಾಲಿನ ಹಾಗೆ. ತಾನಾಗಿ ನೆಟ್ಟಗಾಗುತ್ತದೆ" ಅನ್ನುತ್ತೇನೆ. ಬಟ್ಟೆ ಸುತ್ತುವುದಕ್ಕೂ ಇದೇ ಮಾತು. ಕೈ ಬೇಕಾದರೆ ಸುತ್ತಿ, ಸೊಂಟದ ಕೆಳಗೆ ಸಡಿಲ ಬಿಡಿ. ಇದು ನನ್ನ ಸ್ವಂತ ಕಲ್ಪನೆ ಅಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ ಕೂಸಿನ ಕಾಲು ನೀಟ ಎಳೆದು ಸುತ್ತಬೇಡಿ ಅಂತ ದೇಶವಿಡೀ ಪ್ರಚಾರ ಮಾಡಿದರು, ಆಮೇಲೆ ಸೊಂಟ ಜಾರಿದ ಮಕ್ಕಳ ಸಂಖ್ಯೆ ಚೆನ್ನಾಗಿ ಇಳಿಯಿತು. ನಮ್ಮ ಅಜ್ಜಿಯಂದಿರು ಕೂಸು ಸ್ವಲ್ಪ ಬೆಳೆದ ಮೇಲೆ ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುತ್ತಾರಲ್ಲ, ಅದು ಕೀಲಿಗೆ ಒಳ್ಳೆಯದು. ಇದನ್ನು ಹೇಳಿದರೆ ಎಳೆಯುವ ವಿಷಯಕ್ಕೆ ಬಂದ ಸಿಟ್ಟು ಅಲ್ಲಿಗೇ ಇಳಿಯುತ್ತದೆ.

ಕೀಲು ಜಾರಿದ ಕೂಸಿಗೆ ಪಾವ್ಲಿಕ್ ಪಟ್ಟಿ ಹಾಕುತ್ತಾರೆ. ಚೆಕ್ ಮೂಳೆ ವೈದ್ಯ ಅರ್ನಾಲ್ಡ್ ಪಾವ್ಲಿಕ್ 1940ರ ದಶಕದಲ್ಲಿ ರೂಪಿಸಿದ್ದು. ಭುಜದಿಂದ ಪಾದದವರೆಗೆ ಪಟ್ಟಿಗಳು, ಕಾಲು ಮಡಚಿ ಅಗಲವಾಗಿ ನಿಲ್ಲುತ್ತದೆ. ಪಟ್ಟಿ ಬಿಚ್ಚದೆಯೇ ನಾನು ಸ್ಕ್ಯಾನ್ ಮಾಡುತ್ತೇನೆ. ಪಟ್ಟಿಯೊಳಗೆ ತಲೆ ಬಟ್ಟಲಿಗೆ ಕೂತಿದೆಯಾ ಅನ್ನುವುದೇ ಪ್ರಶ್ನೆ. ಮೂರು ನಾಲ್ಕು ವಾರ ಆದರೂ ಕೂತಿಲ್ಲ ಅಂದರೆ ಅದನ್ನೇ ಮುಂದುವರಿಸಬಾರದು, ಬಟ್ಟಲಿನ ಹಿಂದಿನ ಗೋಡೆಯೇ ಸವೆಯುತ್ತದೆ. ಹಾಗಾಗಿ ಅಂಥ ರಿಪೋರ್ಟ್ ಟೈಪ್ ಆಗುವ ಮೊದಲೇ ಮೂಳೆ ಡಾಕ್ಟರಿಗೆ ಫೋನ್ ಹೋಗಿರುತ್ತದೆ.

ಮೆಷಿನ್ ಹಳ್ಳಿಗೇ ತನ್ನಿ, ಶಿಬಿರ ಮಾಡೋಣ ಅಂತ ಸಂಘದವರು ಪ್ರೀತಿಯಿಂದ ಕರೆಯುತ್ತಾರೆ. ಆಗುವುದಿಲ್ಲ ಮಾರಾಯ್ರೇ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಅಲ್ಟ್ರಾಸೌಂಡ್ ಮೆಷಿನ್ ಒಂದು ಜಾಗಕ್ಕೆ ನೋಂದಣಿ ಆಗಿರುತ್ತದೆ. ನಾವು ನೋಡುವುದು ಹುಟ್ಟಿದ ಕೂಸಿನ ಸೊಂಟವೇ ಇರಬಹುದು, ಮೆಷಿನನ್ನು ಕಾರಿಗೆ ಹಾಕಿಕೊಂಡು ಊರೂರು ಸುತ್ತುವಂತಿಲ್ಲ. ಕಾನೂನು ಬಂದ ಕಾರಣ ಗೊತ್ತಿರುವುದರಿಂದ ನನಗೆ ಬೇಸರವಿಲ್ಲ. ಕೂಸುಗಳೇ ಬರುವ ಹಾಗೆ ಆಶಾ ಕಾರ್ಯಕರ್ತೆಯರ ಜೊತೆ ಮಾತಾಡಿ ಇಟ್ಟಿದ್ದೇನೆ.

ಆರು ತಿಂಗಳು ದಾಟಿತು ಅಂದರೆ ಎಕ್ಸ್-ರೇ ಕಡೆ ಹೊರಳುತ್ತೇನೆ. ಮೂಳೆಯ ಚುಕ್ಕೆ ದೊಡ್ಡದಾಗಿ ಅಲ್ಟ್ರಾಸೌಂಡಿಗೆ ಒಳಗಿನದು ಮರೆಯಾಗುತ್ತದೆ. ಇಲ್ಲಿ ಕೆಲಸ ಕೆಡುವುದು ಕೂಸು ಸೊಟ್ಟಗೆ ಮಲಗಿದಾಗ. ಸೊಂಟ ತಿರುಗಿದ್ದರೆ ಒಂದು ಬದಿ ಬಟ್ಟಲು ಆಳವಾಗಿ, ಇನ್ನೊಂದು ಸಪಾಟಾಗಿ ಕಾಣುತ್ತದೆ. ಸೊಂಟದ ಎಲುಬಿನ ಕೆಳಭಾಗದ ಎರಡು ಕಿಂಡಿಗಳು ಒಂದೇ ಅಗಲ ಇದ್ದರೆ ಮಾತ್ರ ಫಿಲಂ ಒಪ್ಪುತ್ತೇನೆ. ಬಟ್ಟಲಿನ ಚಾವಣಿಯ ಇಳಿಜಾರು ಈ ವಯಸ್ಸಿಗೆ ಸಾಮಾನ್ಯವಾಗಿ 30 ಡಿಗ್ರಿ ಒಳಗಿರಬೇಕು, ಬೆಳೆದ ಹಾಗೆ ಇನ್ನೂ ಕಡಿಮೆಯಾಗುತ್ತದೆ. ರೇಡಿಯೇಷನ್ ತಡೆಯಲು ತೊಡೆ ಸಂದಿಗೆ ಸೀಸದ ತುಂಡು ಇಡುವ ಹಳೆಯ ರೂಢಿ ಬಿಟ್ಟಿದ್ದೇವೆ. ಅದು ಸರಿದು ನೋಡಬೇಕಾದ ಜಾಗವನ್ನೇ ಮುಚ್ಚುತ್ತಿತ್ತು. ಅದರ ಅಗತ್ಯ ಇಲ್ಲ ಅಂತ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲೇ ಹೇಳಿದೆ. ಮನೆಯವರು ಕೇಳಿದರೆ ವಿವರಿಸಿ ಹೇಳುತ್ತೇನೆ.

ಇನ್ನು ಕುಂಟುತ್ತಾ ಬರುವ ಮಕ್ಕಳು. ನಾಲ್ಕು ವರ್ಷದ ಹುಡುಗ, ನಿನ್ನೆ ಓಡಾಡುತ್ತಿದ್ದ, ಇವತ್ತು ಕಾಲು ಊರುತ್ತಿಲ್ಲ. ಇಲ್ಲಿ ಮತ್ತೆ ಅಲ್ಟ್ರಾಸೌಂಡ್. ಸೊಂಟದ ಮುಂದೆ ಪ್ರೋಬ್ ಇಟ್ಟು ಕೀಲಿನೊಳಗೆ ನೀರು ತುಂಬಿದೆಯಾ ನೋಡುತ್ತೇನೆ, ಎರಡೂ ಬದಿ. ಎರಡರ ನಡುವೆ 2 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ನೀರು ಇದೆ ಅಂತಲೇ ಲೆಕ್ಕ. ಅದು ಬರೀ ನೀರೋ ಕೀವೋ ಅನ್ನುವುದನ್ನು ಸ್ಕ್ಯಾನ್ ಗಟ್ಟಿಯಾಗಿ ಹೇಳಲಾರದು. ತಿಳಿಯಾಗಿ ಕಂಡದ್ದೂ ಕೀವಾಗಿರಬಹುದು. ಅದಕ್ಕೇ ಬಾಯಿ ಬಿಡುವ ಮೊದಲು ರಕ್ತದ ರಿಪೋರ್ಟ್ ಕೇಳುತ್ತೇನೆ. ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದೆಯಾ, ಕಾಲು ಊರಲಾರನಾ, ಇಎಸ್‌ಆರ್ (ಮೈಯಲ್ಲಿ ಉರಿಯೂತ ಇದ್ದರೆ ಏರುವ ರಕ್ತದ ಅಳತೆ) 40 ಮೀರಿದೆಯಾ, ಬಿಳಿ ರಕ್ತಕಣ 12,000 ಮೀರಿದೆಯಾ. ನಾಲ್ಕೂ ಸೇರಿ ಬಂದರೆ ಅದು ಕೀವೇ ಆಗಿರುವ ಸಾಧ್ಯತೆ ಬಹಳ. ಅಂಥ ಕೀಲು ರಾತ್ರಿ ಕಳೆಯಲಿ ಅಂತ ಕಾಯುವಂಥದ್ದಲ್ಲ, ಗಂಟೆಗಳ ಲೆಕ್ಕದಲ್ಲಿ ಕಾರ್ಟಿಲೇಜ್ ಹಾಳಾಗುತ್ತದೆ. "ಎಕ್ಸ್-ರೇ ನಾರ್ಮಲ್ ಬಂದಿದೆಯಲ್ಲ ಡಾಕ್ಟ್ರೇ" ಅನ್ನುತ್ತಾರೆ. ಮೂಳೆಯೊಳಗೆ ಸೋಂಕು ಶುರುವಾದರೂ ಎಕ್ಸ್-ರೇಯಲ್ಲಿ ಮೂಳೆ ಬದಲಾದದ್ದು ಕಾಣಲು ವಾರದಿಂದ ಎರಡು ವಾರ ಬೇಕು. ಬೇಗ ಗೊತ್ತಾಗಬೇಕು ಅಂದರೆ ಎಂಆರ್‌ಐ.

ತಿಂಗಳುಗಟ್ಟಲೆ ಕುಂಟುವ, ಜ್ವರ ಇಲ್ಲದ ಹುಡುಗ ಬಂದರೆ ನನ್ನ ತಲೆಗೆ ಮೊದಲು ಬರುವುದು ಪರ್ಥಿಸ್. ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ಕಡಿಮೆಯಾಗಿ ಆ ಮೂಳೆ ಸೊರಗುವ ಕಾಯಿಲೆ, ಗಂಡು ಮಕ್ಕಳಲ್ಲಿ ಬಹಳ ಜಾಸ್ತಿ. ನಮ್ಮ ಕರಾವಳಿ ಪಟ್ಟಿಯಲ್ಲಿ ಇದು ಒಳನಾಡಿಗಿಂತ ಹೆಚ್ಚು ಅಂತ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಡಾ. ಬೆಂಜಮಿನ್ ಜೋಸೆಫ್ ಮತ್ತು ಜೊತೆಯವರು 1980ರ ದಶಕದಲ್ಲೇ ತೋರಿಸಿದ್ದರು. ಆಮೇಲೆ 2003ರಲ್ಲಿ ಅವರ ತಂಡವೇ 610 ಮಕ್ಕಳ ಎಕ್ಸ್-ರೇಗಳನ್ನು ಹಿಡಿದು ಈ ಕಾಯಿಲೆ ಹಂತ ಹಂತವಾಗಿ ಹೇಗೆ ಸಾಗುತ್ತದೆ ಅಂತ ಪ್ರಕಟಿಸಿತು. ನನ್ನ ರಿಪೋರ್ಟಿನಲ್ಲಿ ಆ ಹಂತಗಳನ್ನೇ ಬರೆಯುತ್ತೇನೆ. ಮೊದಲು ತಲೆ ಬೆಳ್ಳಗೆ ದಟ್ಟವಾಗುತ್ತದೆ, ಆಮೇಲೆ ಚೂರಾಗುತ್ತದೆ, ಆಮೇಲೆ ಹೊಸ ಮೂಳೆ ಬರುತ್ತದೆ, ಕೊನೆಗೆ ವಾಸಿ. ಮೊದಲ ಮೂರಕ್ಕೆ ಎರಡೆರಡು ಭಾಗ. ಚೂರಾಗುವ ಹಂತದ ಕೊನೆಯ ಹೊತ್ತಿಗೆ ತಲೆ ಬಟ್ಟಲಿನಿಂದ ಹೊರಕ್ಕೆ ಸರಿಯುವುದು ಜೋರಾಗುತ್ತದೆ. ಏನಾದರೂ ಮಾಡಬೇಕಾದರೆ ಅದಕ್ಕೆ ಮೊದಲೇ ಮಾಡಬೇಕು. ಆದ್ದರಿಂದ 'ಪರ್ಥಿಸ್ ಇದೆ' ಅಂತ ಮಾತ್ರ ಬರೆದ ರಿಪೋರ್ಟ್ ಮೂಳೆ ಡಾಕ್ಟರಿಗೆ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಈ ಹುಡುಗರಲ್ಲಿ ಅನೇಕರು ಬರುವುದು ಮಂಡಿ ನೋವು ಅಂತ. ಚೀಟಿಯಲ್ಲೂ ಮಂಡಿ ಎಕ್ಸ್-ರೇ ಅಂತಲೇ ಇರುತ್ತದೆ. ಸೊಂಟದ ನೋವು ನರದ ದಾರಿಯಲ್ಲಿ ಮಂಡಿಗೆ ಇಳಿಯುತ್ತದೆ. ಮಂಡಿ ಫಿಲಂ ಚೆನ್ನಾಗಿದ್ದು ಹುಡುಗ ಕುಂಟುತ್ತಲೇ ಇದ್ದರೆ ಕಳಿಸಿದ ಡಾಕ್ಟರಿಗೆ ಹೇಳಿ ಸೊಂಟದ ಫಿಲಂ ಸೇರಿಸಿಕೊಳ್ಳುತ್ತೇನೆ. ಒಂದು ನೇರ, ಇನ್ನೊಂದು ಕಾಲು ಅಗಲಿಸಿ. ಹತ್ತು ದಾಟಿದ, ಸ್ವಲ್ಪ ದಪ್ಪಗಿರುವ ಮಕ್ಕಳಲ್ಲಿ ಈ ಎರಡನೆಯ ಫಿಲಂ ಇನ್ನೂ ಮುಖ್ಯ. ತೊಡೆಮೂಳೆಯ ತಲೆ ಬೆಳವಣಿಗೆಯ ಜಾಗದಲ್ಲಿ ಹಿಂದಕ್ಕೆ ಜಾರುವ ತೊಂದರೆ ಬರುವುದು ಆ ವಯಸ್ಸಿಗೆ. ನೇರ ಫಿಲಂನಲ್ಲಿ ಅದು ತಪ್ಪಿಹೋಗುವುದು ಸುಲಭ. ಕಾಲು ಊರಲಾರದ ಮಗುವಿನ ಕಾಲನ್ನು ಮಾತ್ರ ಬಲವಂತವಾಗಿ ಅಗಲಿಸಬಾರದು, ಜಾರಿದ್ದು ಇನ್ನಷ್ಟು ಜಾರೀತು. ಅಂಥವರಿಗೆ ಮಗುವನ್ನು ಅಲ್ಲಾಡಿಸದೆ ಬದಿಯಿಂದ ತೆಗೆಯುವ ಫಿಲಂ.

ಬೆನ್ನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹುಟ್ಟಿದ ಕೂಸಿನ ಬೆನ್ನ ಕೆಳಗೆ ಕುಳಿ, ಕೂದಲ ಗೊಂಚಲು, ಗಂಟು ಇದ್ದರೆ ಮೂರು ತಿಂಗಳೊಳಗೆ ಅಲ್ಟ್ರಾಸೌಂಡಿಗೆ ತನ್ನಿ. ಅಷ್ಟರವರೆಗೆ ಬೆನ್ನುಹುರಿ ಎಲುಬಿನ ಸಂದಿನಿಂದ ಚೆನ್ನಾಗಿ ಕಾಣುತ್ತದೆ, ಆಮೇಲೆ ಎಲುಬು ಬಲಿತು ಮುಚ್ಚುತ್ತದೆ, ಎಂಆರ್‌ಐಯೇ ಗತಿ. ಗುದದ ಹತ್ತಿರವೇ ಇರುವ ಒಂದೇ ಒಂದು ಸಣ್ಣ ಕುಳಿಗೆ ಬೇರೇನೂ ಗುರುತು ಇಲ್ಲದಿದ್ದರೆ ಸ್ಕ್ಯಾನ್ ಬೇಕಾಗಿಲ್ಲ.

ಹೈಸ್ಕೂಲ್ ವಯಸ್ಸಿನಲ್ಲಿ ಬೆನ್ನು ಒಂದು ಕಡೆಗೆ ಬಾಗುವ ಹುಡುಗಿಯರಿಗೆ ವರ್ಷಗಟ್ಟಲೆ ಮತ್ತೆ ಮತ್ತೆ ಎಕ್ಸ್-ರೇ ಬೇಕಾಗುತ್ತದೆ. ನಿಂತೇ ತೆಗೆಯಬೇಕು, ಬೆನ್ನು ಎಕ್ಸ್-ರೇ ಹೊರಡುವ ಟ್ಯೂಬಿನ ಕಡೆ. ಹಾಗೆ ತೆಗೆದರೆ ಬೆಳೆಯುವ ಎದೆಗೆ ಬೀಳುವ ರೇಡಿಯೇಷನ್ ಬಹಳ ಕಡಿಮೆ. ಬಾಗು 10 ಡಿಗ್ರಿ ಮೀರಿದರೆ ಸ್ಕೋಲಿಯೋಸಿಸ್. ಅಳತೆಯಲ್ಲೇ 5 ಡಿಗ್ರಿವರೆಗೆ ಹೆಚ್ಚುಕಮ್ಮಿ ಬರುವುದರಿಂದ ಹೋದ ಸಲ 22 ಇದ್ದದ್ದು ಈ ಸಲ 25 ಆದರೆ ಬಾಗು ಹೆಚ್ಚಿದೆ ಅಂತ ಬರೆಯುವುದಿಲ್ಲ. ಹೋದ ಸಲ ಯಾವ ಎರಡು ಬೆನ್ನೆಲುಬಿಗೆ ಗೆರೆ ಎಳೆದಿದ್ದೆವೋ ಈ ಸಲವೂ ಅವಕ್ಕೇ ಎಳೆಯಬೇಕು. ಆದ್ದರಿಂದ ಬರುವಾಗ ಹಳೆಯ ಫಿಲಂ ತಪ್ಪದೆ ತನ್ನಿ. ಬರೀ ರಿಪೋರ್ಟ್ ಹಾಳೆ ತಂದರೆ ನನಗೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.