ಮಿದುಳಿನ ರಕ್ತಸ್ರಾವಕ್ಕೆ ಕೆಟಮಿನ್: ಸಂಶೋಧನೆಯನ್ನು ಓದುವ ಬಗೆ

ಹರಿಹರದಿಂದಲೋ ಹೊಳಲ್ಕೆರೆಯಿಂದಲೋ ರೋಗಿಯನ್ನು ದಾವಣಗೆರೆಗೆ ಕರೆತಂದ ಮನೆಯವರು ತೀವ್ರ ನಿಗಾ ಘಟಕದ ಹೊರಗೆ ಕುಳಿತು ಮೊಬೈಲಿನಲ್ಲಿ ಕೆಟಮಿನ್ ಎಂಬ ಅರಿವಳಿಕೆ ಔಷಧದ ಬಗ್ಗೆ ಹುಡುಕಿದರೆ, ಅದು ಬುರುಡೆಯೊಳಗಿನ ಒತ್ತಡವನ್ನು ಏರಿಸುತ್ತದೆ ಎಂದೂ ಮಿದುಳನ್ನು ಕಾಯಬಹುದು ಎಂದೂ ಎರಡು ಮಾತುಗಳು ಸಿಗುತ್ತವೆ. ಎರಡಕ್ಕೂ ಆಧಾರವಿದೆ, ಆದರೆ ಆ ಅಧ್ಯಯನಗಳಲ್ಲಿದ್ದ ರೋಗಿಗಳು ಬೇರೆ ಬೇರೆ ಬಗೆಯವರು. ಆದ್ದರಿಂದ ಯಾವುದೇ ಅಧ್ಯಯನವನ್ನು ಓದುವಾಗ, ಅದರಲ್ಲಿದ್ದ ರೋಗಿಗಳು ವೆಂಟಿಲೇಟರ್ ಮೇಲಿದ್ದರೇ ಎಂಬುದನ್ನು ಮೊದಲು ನೋಡಿರಿ.

ಅಮೆರಿಕದಲ್ಲಿ 1970ರಲ್ಲಿ ಅನುಮತಿ ಪಡೆದ ಈ ಅರಿವಳಿಕೆಯ ಮೇಲೆ ಒತ್ತಡ ಏರಿಸುವ ಅಪವಾದ ಹೊರಿಸಿದ ಆರಂಭದ ವರದಿಗಳು ಚಿಕ್ಕವು. ಅವುಗಳಲ್ಲಿ ಮಿದುಳಿನ ದ್ರವದ ಹರಿವಿಗೆ ತಡೆಯಿದ್ದ, ತಾವಾಗಿಯೇ ಉಸಿರಾಡುತ್ತಿದ್ದ ರೋಗಿಗಳಿದ್ದರು. ಉಸಿರು ಮಂದವಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಮಿದುಳಿನ ರಕ್ತನಾಳಗಳು ಹಿಗ್ಗಿ, ಬುರುಡೆಯೊಳಗಿನ ಒತ್ತಡ ಏರುತ್ತದೆ. ವೆಂಟಿಲೇಟರ್ ಮೇಲಿದ್ದು ಬೇರೆ ಮಂಪರು ಔಷಧವನ್ನೂ ಪಡೆಯುತ್ತಿದ್ದವರಲ್ಲಿ ನಡೆದ ನಂತರದ ಅಧ್ಯಯನಗಳಲ್ಲಿ ಅಂಥ ಏರಿಕೆ ಸಾಮಾನ್ಯವಾಗಿ ಕಾಣಲಿಲ್ಲ.

ಬಳಿಕ ರಕ್ತಸ್ರಾವ ಯಾವ ಬಗೆಯದು ಎಂದು ನೋಡಿರಿ. ಅನ್ಯೂರಿಸಂ, ಅಂದರೆ ರಕ್ತನಾಳದ ಗೋಡೆ ದುರ್ಬಲಗೊಂಡು ಉಬ್ಬಿದ ಭಾಗ, ಒಡೆದು ಮಿದುಳಿನ ಪೊರೆಗಳ ನಡುವೆ ರಕ್ತ ಹರಡಿದಾಗ, ಮೊದಲ ಗಂಡಾಂತರ ದಾಟಿದವರಿಗೂ ಸುಮಾರು 4ರಿಂದ 14ನೇ ದಿನದೊಳಗೆ ರಕ್ತಪೂರೈಕೆ ಕುಗ್ಗಿ ಮತ್ತೆ ಹಾನಿಯಾಗಬಹುದು. ಇದಕ್ಕೆ ಒಂದು ಕಾರಣವೆಂದು ಪರಿಶೀಲನೆಯಲ್ಲಿರುವುದು, 1944ರಲ್ಲಿ ವಿಜ್ಞಾನಿ ಲೆಯಾವೊ ಮೊಲಗಳ ಮಿದುಳಿನಲ್ಲಿ ಗುರುತಿಸಿದ, ನರಕೋಶಗಳನ್ನು ಸ್ತಬ್ಧಗೊಳಿಸುತ್ತಾ ಮೆಲ್ಲಗೆ ಹರಡುವ ವಿದ್ಯುತ್ ಅಲೆ. ನರಕೋಶಗಳನ್ನು ಕೆರಳಿಸುವ ರಾಸಾಯನಿಕವಾದ ಗ್ಲುಟಮೇಟ್ ಕೆಲಸ ಮಾಡುವ, ಈ ಅಲೆಗೆ ನೆರವಾಗುವ ಒಂದು ಬಾಗಿಲನ್ನು ಕೆಟಮಿನ್ ಮುಚ್ಚುತ್ತದೆ. ಅದನ್ನು ಪಡೆದ ರೋಗಿಗಳಲ್ಲಿ ಅಲೆಗಳು ಕಡಿಮೆಯಾದುದನ್ನು ಅಧ್ಯಯನಗಳು ತೋರಿಸಿವೆ. ಆದರೆ ಅಲೆಯನ್ನು ಅಳೆಯಲು ಶಸ್ತ್ರಚಿಕಿತ್ಸೆಯ ವೇಳೆ ಮಿದುಳಿನ ಮೇಲೆಯೇ ವಿದ್ಯುದ್ವಾರಗಳನ್ನು ಇರಿಸಬೇಕಾದ್ದರಿಂದ ಇಂಥ ಅಧ್ಯಯನಗಳಲ್ಲಿ ರೋಗಿಗಳ ಸಂಖ್ಯೆ ಸಣ್ಣದು.

ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಫಲಿತಾಂಶದ ಅಳತೆಗೆ. ಅಲೆ ಕಡಿಮೆಯಾಯಿತು ಎಂಬುದೂ, ರೋಗಿ ಎದ್ದು ತನ್ನ ಹೊಲಕ್ಕೋ ಅಂಗಡಿಗೋ ಹೋಗುವಂತಾದ ಎಂಬುದೂ ಒಂದೇ ಅಲ್ಲ. ಮೂರೋ ಆರೋ ತಿಂಗಳ ನಂತರದ, 0 (ಯಾವ ತೊಂದರೆಯೂ ಇಲ್ಲ) ಯಿಂದ 6 (ಸಾವು) ರವರೆಗೆ ರೋಗಿಯ ಅಸಾಮರ್ಥ್ಯವನ್ನು ಅಳೆಯುವ ಮಾಡಿಫೈಡ್ ರ‍್ಯಾಂಕಿನ್ ಅಂಕ ವರದಿಯಲ್ಲಿದೆಯೇ, ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಗುಂಪುಗಳಿಗೆ ಹಂಚಿದ್ದರೇ ಎಂದು ಹುಡುಕಿರಿ.

ನಿಮ್ಮವರನ್ನೇ ಇಂಥ ಅಧ್ಯಯನಕ್ಕೆ ಸೇರಿಸಲು ಕೇಳಿದರೆ, ಅನ್ಯೂರಿಸಂ ರಕ್ತಸ್ರಾವಕ್ಕೆ ರೂಢಿಯಲ್ಲಿರುವ ನಿಮೋಡಿಪಿನ್, ಅಂದರೆ ಸಾಮಾನ್ಯವಾಗಿ 4 ಗಂಟೆಗೊಮ್ಮೆ 60 ಮಿಲಿಗ್ರಾಂನಂತೆ 21 ದಿನ ಕೊಡುವ ಔಷಧ, ಮುಂದುವರಿಯುತ್ತದೆಯೇ ಎಂದು ವೈದ್ಯರನ್ನು ಕೇಳಿರಿ. ರೋಗಿಗಳ ಮೇಲಿನ ಅಧ್ಯಯನಗಳನ್ನು ದಾಖಲಿಸುವ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ನೋಂದಣಿ ಸಂಖ್ಯೆಯನ್ನೂ ನೈತಿಕ ಸಮಿತಿಯ ಒಪ್ಪಿಗೆಯನ್ನೂ ವಿಚಾರಿಸಿರಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಓದಲು ಬಾರದವರಿದ್ದರೆ ಸಾಕ್ಷಿಯ ಮುಂದೆ ಓದಿಸಿಕೊಂಡು, ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ಒಪ್ಪದಿದ್ದರೂ ಎಂದಿನ ಚಿಕಿತ್ಸೆ ನಿಲ್ಲುವಂತಿಲ್ಲ.