ಆಧಾರ್ ಬೆರಳಚ್ಚಿಗೆ ಬೀಗ ಹಾಕುವುದು ಹೇಗೆ

ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲೇ ದಾಖಲಾದವು. ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನಲ್ಲ. ಹಾಗಾಗಿ ಬೀಗವನ್ನು ಇವತ್ತೇ ಹಾಕಿ.

ಮೈಆಧಾರ್ ಜಾಲತಾಣಕ್ಕೆ ಆಧಾರ್ ಸಂಖ್ಯೆ ಮತ್ತು ಒಟಿಪಿ ಕೊಟ್ಟು ಲಾಗಿನ್ ಆಗಿ, ಬಯೋಮೆಟ್ರಿಕ್ ಲಾಕ್ ಆಯ್ಕೆ ಮಾಡಿ. ಬೆರಳು, ಕಣ್ಣು, ಮುಖ ಮೂರಕ್ಕೂ ಬೀಗ ಬೀಳುತ್ತದೆ. ಒಟಿಪಿ ದೃಢೀಕರಣ ಎಂದಿನಂತೆ ನಡೆಯುತ್ತದೆ. ಒಟಿಪಿ ಬಾರದಿದ್ದರೆ ಮೊಬೈಲ್ ಸಂಖ್ಯೆ ಜೋಡಣೆಯಾಗಿಲ್ಲದಿರಬಹುದು ಅಥವಾ ಹಳೆಯದಿರಬಹುದು; ಅದನ್ನು ಆಧಾರ್ ಸೇವಾ ಕೇಂದ್ರದಲ್ಲಿ ಸರಿಪಡಿಸಬಹುದು.

ಹೆಚ್ಚಿನವರು ಎಡವುವುದು ನ್ಯಾಯಬೆಲೆ ಅಂಗಡಿಯಲ್ಲಿ. ಬೀಗವಿದ್ದರೆ ಯಂತ್ರ 330 ಎಂಬ ದೋಷಸಂಖ್ಯೆ ತೋರಿಸುತ್ತದೆ. ಬೆರಳು ಸವೆದಿದೆ ಎಂದುಕೊಂಡು ಮತ್ತೆ ಮತ್ತೆ ಒತ್ತಬೇಡಿ. ಅದೇ ಜಾಲತಾಣದಲ್ಲಿ ತಾತ್ಕಾಲಿಕವಾಗಿ ಬೀಗ ತೆಗೆಯಿರಿ. ಹೆಬ್ಬೆಟ್ಟೊತ್ತಿ ಪಡಿತರ ತರುವ ಮನೆಯ ಹಿರಿಯರಿಗೆ ಇದನ್ನು ಮೊದಲೇ ತೋರಿಸಿಕೊಡಿ.

ಲಾಡ್ಜ್‌ಗೆ, ಬಾಡಿಗೆ ಮನೆಗೆ ಪ್ರತಿ ಕೊಡುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ನಿಮ್ಮ ಆಧಾರ್ ಯಾವಾಗ ಬಳಕೆಯಾಗಿದೆ ಎಂದು ತೋರಿಸುವ ದೃಢೀಕರಣ ಇತಿಹಾಸವನ್ನೂ ಮೈಆಧಾರ್‌ನಲ್ಲಿ ಆಗಾಗ ನೋಡಿ. 6 ತಿಂಗಳಷ್ಟೇ ಹಿಂದಿನದು ಸಿಗುತ್ತದೆ. ಅಪರಿಚಿತ ನಮೂದಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ, ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.