ಗಾಡಿ ಸೀಜಿಂಗ್ ಏಜೆನ್ಸಿ ಶುರು ಮಾಡುವುದು ಹೇಗೆ?

ಕಂತು ಕಟ್ಟದವರ ಗಾಡಿಯನ್ನು ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ಪರವಾಗಿ ವಶಕ್ಕೆ ಪಡೆಯುವ ಕೆಲಸಕ್ಕೆ ನಮ್ಮಲ್ಲಿ ‘ಸೀಜಿಂಗ್’ ಅಂತಲೇ ಹೆಸರು. ನಾಲ್ಕು ಗಟ್ಟಿ ಹುಡುಗರಿದ್ದರೆ ಸಾಕು ಅಂದುಕೊಂಡು ಇದಕ್ಕೆ ಇಳಿಯುವವರು ಈಗಲೂ ಇದ್ದಾರೆ. ಅಂಥವರಿಗೆ ಬಿಲ್ ದುಡ್ಡಿಗಿಂತ ಮೊದಲು ಎಫ್‌ಐಆರ್ ಬರುತ್ತದೆ. ವಸೂಲಿಗೆ ಗೂಂಡಾಗಳನ್ನು ಬಿಡಬೇಡಿ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಬಲವಂತದಿಂದ ಗಾಡಿ ಕಿತ್ತುಕೊಳ್ಳುವುದು ಕಾನೂನುಬಾಹಿರ ಎಂದು ಪಟ್ನಾ ಹೈಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಿತು. ಇದು ತೋಳಿನ ಕೆಲಸ ಅಲ್ಲ, ಕಾಗದದ ಕೆಲಸ.

ಮೊದಲು ತರಬೇತಿ. ವಸೂಲಿ ಏಜೆಂಟರಿಗೆ ಡಿಆರ್‌ಎ, ಅಂದರೆ ಡೆಟ್ ರಿಕವರಿ ಏಜೆಂಟ್ ಸರ್ಟಿಫಿಕೇಟ್ ಬೇಕು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್ ಇದರ ಪರೀಕ್ಷೆ ನಡೆಸುತ್ತದೆ. ಅದಕ್ಕೂ ಮೊದಲು 100 ಗಂಟೆಗಳ ತರಬೇತಿ ಮುಗಿಸಬೇಕು. ಪದವೀಧರರಿಗೆ 50 ಗಂಟೆ ಸಾಕು. ನೀವೊಬ್ಬರು ಪಾಸಾದರೆ ಆಗಲಿಲ್ಲ, ಸಾಲಗಾರರ ಮನೆಗೆ ಹೋಗುವ ಹುಡುಗರಿಗೂ ಇದು ಬೇಕು. ಪೊಲೀಸ್ ವೆರಿಫಿಕೇಶನ್ ಕೂಡ ಆಗಬೇಕು.

ಆಮೇಲೆ ಸಂಸ್ಥೆಯ ನೋಂದಣಿ, ಪ್ಯಾನ್, ಕರೆಂಟ್ ಅಕೌಂಟ್, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ. ಬ್ಯಾಂಕಿಗೆ ಕೊಡುವ ವಸೂಲಿ ಸೇವೆಯ ಜಿಎಸ್‌ಟಿಯನ್ನು ಬ್ಯಾಂಕೇ ಕಟ್ಟುತ್ತದೆ. ಆದರೂ ಒಮ್ಮೆ ಆಡಿಟರ್ ಹತ್ತಿರ ಮಾತಾಡಿ.

ಇನ್ನು ಕೆಲಸ ಹಿಡಿಯುವುದು. ಹೊಸಬರಿಗೆ ಬ್ಯಾಂಕುಗಳು ಸುಲಭಕ್ಕೆ ಬಾಗಿಲು ತೆಗೆಯುವುದಿಲ್ಲ. ಹಾಗಾಗಿ ದೊಡ್ಡ ಏಜೆನ್ಸಿಯ ಕೈಕೆಳಗೆ ಕೆಲಸ ಶುರು ಮಾಡುವವರೇ ಜಾಸ್ತಿ. ತಪ್ಪೇನಿಲ್ಲ. ಆದರೆ ಗಾಡಿ ವಶಕ್ಕೆ ಪಡೆಯಲು ಸಾಲ ಕೊಟ್ಟವರು ಕೊಡುವ ಅಧಿಕಾರ ಪತ್ರ ಯಾರ ಹೆಸರಿನಲ್ಲಿದೆ ನೋಡಿಕೊಳ್ಳಿ. ಅದರಲ್ಲಿ ನಿಮ್ಮ ಹೆಸರಿಲ್ಲ ಅಂದರೆ ಪೊಲೀಸರ ಕಣ್ಣಿಗೆ ನೀವು ಬರೀ ದಾರಿಹೋಕರು.

ಫೀಲ್ಡಿನಲ್ಲಿ ಈಗ ಎಲ್ಲ ಆ್ಯಪ್ ಮೇಲೆ. ರಸ್ತೆಬದಿ ನಿಂತು ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ಒತ್ತಿದರೆ, ಬಾಕಿ ಇರುವ ಗಾಡಿಯ ವಿವರ ಬರುತ್ತದೆ. ಅಪಾಯ ಇರುವುದು ಇಲ್ಲೇ. ಪಟ್ಟಿ ಹಳೆಯದಿರಬಹುದು, ಸಾಲಗಾರ ನಿನ್ನೆ ಸಂಜೆಯೇ ಕಂತು ಕಟ್ಟಿರಬಹುದು. ಗಾಡಿ ಮುಟ್ಟುವ ಮೊದಲು ಸಾಲ ಕೊಟ್ಟವರನ್ನು ಕೇಳಿ, ಇಂದಿನ ಬಾಕಿ ಎಷ್ಟು ಎಂದು ಲಿಖಿತವಾಗಿ ಪಡೆಯಿರಿ. ಒಪ್ಪಂದದಂತೆ ನೋಟಿಸ್ ಹೋಗಿದೆಯೇ ಎಂದೂ ವಿಚಾರಿಸಿ. ಸ್ಥಳೀಯ ಠಾಣೆಗೆ ವಶಕ್ಕೆ ಪಡೆಯುವ ಮೊದಲೊಂದು, ಪಡೆದ ಮೇಲೊಂದು ಪತ್ರ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಸಾಲಗಾರರಿಗೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಓಡುವ ಗಾಡಿಗೆ ಅಡ್ಡ ಹಾಕಬೇಡಿ. ಕೀ ಕಿತ್ತುಕೊಳ್ಳಬೇಡಿ. ಸಾಲಗಾರ ಗಾಡಿ ಕೊಡಲ್ಲ ಅಂದರೆ ಸುಮ್ನೆ ವಾಪಸ್ ಬನ್ನಿ. ಮುಂದೆ ಕೋರ್ಟಿನಿಂದ ಆದೇಶ ತರುವುದು ಸಾಲ ಕೊಟ್ಟವರ ಕೆಲಸ. ಸ್ಥಳದಲ್ಲೇ ದುಡ್ಡು ಕೊಡುತ್ತೇನೆ ಎಂದರೂ ನಗದು ಮುಟ್ಟದೆ ಶಾಖೆಗೆ ಕಳಿಸಿ.

ಗಾಡಿ ಕೈಗೆ ಬಂದ ಮೇಲೆ ಇನ್ವೆಂಟರಿ, ಅಂದರೆ ಗಾಡಿಯಲ್ಲಿ ಏನೇನಿದೆ ಎಂಬ ಪಟ್ಟಿ. ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಕಿಲೋಮೀಟರ್ ರೀಡಿಂಗ್, ಬ್ಯಾಟರಿ ನಂಬರ್, ಸ್ಟೆಪ್ನಿ, ಜಾಕಿ, ಮ್ಯೂಸಿಕ್ ಸಿಸ್ಟಮ್, ಮೈಮೇಲಿನ ಗೀರು, ಒಂದೂ ಬಿಡದೆ ಬರೆದು ಫೋಟೊ ತೆಗೆಯಿರಿ. ಡಿಕ್ಕಿಯಲ್ಲಿ ಸಿಕ್ಕ ಮಕ್ಕಳ ಸ್ಕೂಲ್ ಬ್ಯಾಗು, ಮಾತ್ರೆ ಚೀಟಿ, ಮನೆ ಪತ್ರಗಳು ಬ್ಯಾಂಕಿನವಲ್ಲ. ಅಲ್ಲೇ ವಾಪಸ್ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲ್ಲ ಅಂದರೆ ಅದನ್ನೂ ಬರೆದಿಡಿ.

ವಶಕ್ಕೆ ಪಡೆದ ಗಾಡಿಗಳನ್ನು ನಿಲ್ಲಿಸುವ ಯಾರ್ಡಿಗೆ ಸೇರಿಸಿ ರಸೀದಿ ಪಡೆದ ಮೇಲೆಯೇ ನಿಮ್ಮ ಬಿಲ್. ಬೈಕಿಗೊಂದು ದರ, ಕಾರಿಗೊಂದು, ಲಾರಿಗೊಂದು. ಬಿಲ್ ಪಾಸಾಗುವವರೆಗೆ ಡೀಸೆಲ್, ಸಂಬಳ, ಟೋಯಿಂಗ್ ಬಾಡಿಗೆ ನಿಮ್ಮ ಜೇಬಿನದ್ದೇ. ಕೆಲವು ತಿಂಗಳ ಖರ್ಚಿಗಾಗುವಷ್ಟು ದುಡ್ಡು ಪಕ್ಕಕ್ಕಿಡದೆ ಈ ಕಡೆ ಬರಬೇಡಿ.

ಹರಾಜು ನಿಮ್ಮ ತಲೆನೋವಲ್ಲ. ಮಾಲೀಕ ಆರ್‌ಸಿ ಕೊಡದಿದ್ದರೆ ಮೋಟಾರು ವಾಹನ ಕಾಯ್ದೆಯ 51ನೇ ಸೆಕ್ಷನ್‌ನಂತೆ ಸಾಲ ಕೊಟ್ಟವರೇ ಫಾರಂ 36 ಹಾಕಿ ಹೊಸದು ಪಡೆಯುತ್ತಾರೆ. ಆದರೆ ಎಷ್ಟೋ ಗಾಡಿಗಳು ಹರಾಜಿನವರೆಗೆ ಹೋಗುವುದೇ ಇಲ್ಲ. ಮಾಲೀಕರು ಬಾಕಿ ಕಟ್ಟಿ, ಬಿಡುಗಡೆ ಪತ್ರ ಹಿಡಿದು ಯಾರ್ಡಿಗೆ ಬರುತ್ತಾರೆ. ಆಗ ನೀವು ಬರೆದ ಪಟ್ಟಿಯನ್ನೇ ಮುಂದಿಟ್ಟುಕೊಂಡು ಸ್ಟೆಪ್ನಿಯಿಂದ ಹಿಡಿದು ಒಂದೊಂದೇ ಟಿಕ್ ಹಾಕುತ್ತಾರೆ.